ಎಡಸಾಲಿನ ಹಲ್ಲು

ಸೋಮಲಿಂಗ ಮಸೆಯುವ ಅರ ಕೆಳಗಿಟ್ಟು, ಮರ ಕೊಯ್ಯುವ ಮಷೀನಿನ ಚೈನಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಪೂರ್ತಿ ಮೊಂಡು. ಅಂಗಳದಲ್ಲಿ ಭರಮಪ್ಪನ ಹೆಣ ಕೂರಿಸಿದ್ದರು. ಹಿತ್ತಲಲ್ಲಿ ಚಿತೆಗೆಂದು ತಂದ ಒಣ ಮಾವಿನ ದಿಮ್ಮಿ ಬಿದ್ದಿತ್ತು. ಬೀಡಿ ಊರಿನಲ್ಲಿ ಅದನ್ನು ಕೊಯ್ಯುವ ಮಷೀನು ಇದ್ದದ್ದು ಸತ್ತವನದೊಂದೇ.

"ಲಗೂ ಆಗಲಿ ಸೋಮಣ್ಣ," ಎಂದ ಭರಮಪ್ಪನ ಅಳಿಯ ಯಲ್ಲೇಶ. "ಬೆಳಗಾವಿಯಿಂದ ಮಂದಿ ಬಂದ್ರಂದ್ರ ಎತ್ತೂದ."

"ಮೊಂಡ ಚೈನಿಗೆ ಅವಸರ ಮಾಡಿದ್ರ ಹೊಗಿ ಬರ್ತೈತಿ, ಕಟಗಿ ತುಂಡಾಗಂಗಿಲ್ಲ. ಬ್ಯಾರೆ ಚೈನು ಐತೇನು ನೋಡು."

ಕಟ್ಟೆಯ ಮೇಲಿದ್ದ ಮುದುಕಿ ಕಾಡವ್ವ ಗೊಣಗಿದಳು: "ಇದ್ದಾಗ ಮೂರು ವರ್ಷ ಈ ಹೊಸ್ತಲಾ ತುಳೀಲಿಲ್ಲ. ಈಗ ಬಂದು ಶಾಣ್ಯಾತನ ಮಾಡಾಕತ್ಯಾನ."

ಸೋಮಲಿಂಗ ಚೈನಿನ ಮೇಲಿನ ಹೊಟ್ಟು ಒರೆಸತೊಡಗಿದ.

*

ಇಪ್ಪತ್ತು ವರ್ಷ ಅವನೂ ಭರಮಪ್ಪನೂ ಆ ಒಂದೇ ಮಷೀನಿನಲ್ಲಿ ದುಡಿದವರು. ದಿಮ್ಮಿ ತುಂಡರಿಸಲು ಒಂದು ಚೈನು, ಉದ್ದಕ್ಕೆ ಸೀಳಿ ಹಲಗೆ ತೆಗೆಯಲು ಹಲ್ಲಿನ ಓರೆ ಕಡಿಮೆಯಿರುವ ಇನ್ನೊಂದು. ಭರಮಪ್ಪ ಎಡಚ. ಎದುರುಬದುರು ಕೂತು ಚೈನಿನ ಎಡಸಾಲಿನ ಹಲ್ಲಿಗೆ ಅವನು ಅರ ಹಾಕಿದರೆ, ಬಲಸಾಲಿಗೆ ಸೋಮಲಿಂಗ. ಹಲ್ಲಿಗೆ ಮೂರು ಸಲ, ಎಣಿಸಿ. ಎರಡು ಸಾಲು ಹೆಚ್ಚುಕಮ್ಮಿಯಾದರೆ ಮಷೀನು ಒಂದು ಬದಿಗೆ ಎಳೆಯುತ್ತದೆ.

ಮೂರು ವರ್ಷದ ಹಿಂದೆ, ಪಾರಿಶ್ವಾಡದ ಗುರುಪುತ್ರಪ್ಪನವರ ಮನೆಯ ಬಾಗಿಲಿಗೆಂದು ಹಲಸಿನ ಮರ ಸೀಳುವ ದಿನ ಸೋಮಲಿಂಗನಿಗೆ ಬಸ್ಸಿನ ಅವಸರ. ತನ್ನ ಸಾಲಿನ ಹಲ್ಲಿಗೆ ಒಂದೇ ಸಲ ಅರ ಆಡಿಸಿ ಎದ್ದ. ಹಲಗೆ ಒಂದು ಅಂಚಿಗೆ ದಪ್ಪ, ಇನ್ನೊಂದಕ್ಕೆ ತೆಳು ಬಂತು.

"ನಮ್ಮ ಮುತ್ಯಾ ಹಚ್ಚಿದ ಗಿಡಾ ಹಾಳ ಮಾಡಿದ್ರಲ್ಲೋ," ಎಂದರು ಗುರುಪುತ್ರಪ್ಪ.

"ಎಡಗೈಯಾಂವ ಅರ ಹಾಕಿದ್ರ ಹಿಂಗ ಆಗೂದ್ರಿ," ಎಂದುಬಿಟ್ಟ ಸೋಮಲಿಂಗ.

ಭರಮಪ್ಪ ಅವನ ಮುಖ ನೋಡಿದ. ಮಷೀನು ಹೆಗಲಿಗೇರಿಸಿ ನಡೆದ. ಆಮೇಲೆ ಪ್ರತಿ ಸಂತೆಗೂ ಸೋಮಲಿಂಗ ತಪ್ಪೊಪ್ಪುವ ಮಾತು ಕಟ್ಟಿಕೊಂಡೇ ಹೋಗುತ್ತಿದ್ದ. ಭರಮಪ್ಪ ಕಂಡೊಡನೆ ತಾನೇ ಬೇರೆ ಓಣಿ ಹಿಡಿಯುತ್ತಿದ್ದ.

*

ಭರಮಪ್ಪನ ಹೆಂಡತಿ ಸಾವಂತ್ರವ್ವ ತಗಡಿನ ಡಬ್ಬಿ ತಂದಿಟ್ಟಳು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ, ಹಲಗೆ ಸೀಳುವ ಚೈನು. ಎಡಸಾಲು ಹೊಳೆಯುತ್ತಿತ್ತು. ಬಲಸಾಲಿಗೆ ಅರ ಮುಟ್ಟಿರಲಿಲ್ಲ.

"ಅರ್ಧಾಕ್ಕ ಯಾಕ ಬಿಟ್ಟಾನ ವೈನಿ?"

"ನಂದು ಮುಗದೈತಿ, ಉಳದದ್ದು ಸೋಮ್ಯಾಂದು ಅಂತಿದ್ರು. ಹಲಗಿ ಕೆಲಸಾನ ಬಿಟ್ರು. ಬರೇ ಉರವಲು ಕೊಯ್ಯೂದು."

"ವೈನಿ, ಅವತ್ತ ತಪ್ಪು..."

"ಗೊತ್ತೈತಿ," ಎಂದಳು. "ಅವರಿಗೂ ಗೊತ್ತಿತ್ತು."

ಅಡ್ಡ ಕೊಯ್ಯಲು ಆ ಚೈನು ಸಲ್ಲದು. ಸೋಮಲಿಂಗ ಅದನ್ನು ಇದ್ದ ಹಾಗೇ ಸುತ್ತಿಟ್ಟು, ಮಷೀನಿನ ಮುಂದೆ ಕೂತು ಮೊಂಡು ಚೈನಿನ ಬಲಸಾಲು ಮುಗಿಸಿದ. ಹಲ್ಲಿಗೆ ಮೂರು ಸಲ.

ಆಮೇಲೆ ಎದ್ದು, ಭರಮಪ್ಪ ಕೂರುತ್ತಿದ್ದ ಎದುರು ಬದಿಗೆ ಹೋಗಿ ಕೂತ. ಅರವನ್ನು ಎಡಗೈಗೆ ತೆಗೆದುಕೊಂಡ.