ಕುಂಜಮ್‌ನ ಆಚೆ ಬದಿ

"ಎಡಗಡೆಯಿಂದ ಹೋದ್ರ ಸಾಯ್ತೀವಿ, ಬಲಗಡೆಯಿಂದ ಹೋದ್ರ ಬದುಕ್ತೀವಿ. ಲೆಕ್ಕ ಇಷ್ಟ ಐತಿ ನೋಡ್ರಿ ಅಕ್ಕಾ," ಎಂದು ಶಬನಮ ನಕಾಶೆಯ ಮೇಲೆ ಪೆನ್ಸಿಲಿನ ತುದಿ ಊರಿದಳು.

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ತಿಂಡಿಗೆ ಇನ್ನೂ ಯಾರೂ ಬಂದಿರದ ಹೊತ್ತು. ಮಾಟುಂಗದ ಆ ಸಣ್ಣ ಉಡುಪಿ ಹೋಟೆಲಿನಲ್ಲಿ ಎರಡು ಮೇಜು ಕೂಡಿಸಿ ಹಿಮಾಚಲದ ನಕಾಶೆ ಹರಡಿದ್ದರು. ಫ್ಯಾನಿನ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಸಾಂಬಾರಿನ ಬಟ್ಟಲು. ಹೋಟೆಲಿನ ಯಜಮಾನತಿ ಶೀಲಾವತಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದಳು. ಶಿಮ್ಲಾದಿಂದ ಹೊರಟು ಕಿನ್ನೌರ, ಸ್ಪಿತಿ ಕಣಿವೆ, ಕುಂಜಮ್ ಘಾಟಿ, ಮನಾಲಿ, ಮತ್ತೆ ಶಿಮ್ಲಾ. ಸೈಕಲ್ಲಿನಲ್ಲಿ ಒಂದು ಪೂರ್ತಿ ಸುತ್ತು. ಕುಂಜಮ್‌ನ ನೆತ್ತಿಯೇ ಹದಿನೈದು ಸಾವಿರ ಅಡಿ.

"ಮನಾಲಿ ಕಡಿಂದ ಏಕ್‌ದಮ್ ಏರಿದ್ರ ಗಾಳಿ ಸಾಲಂಗಿಲ್ಲ, ತಲಿ ಸಿಡೀತೈತಿ. ಕಿನ್ನೌರ ಕಡಿಂದ ದಿನಾ ಸ್ವಲ್ಪ ಸ್ವಲ್ಪ ಏರಿದ್ರ ಮೈ ಒಗ್ಗತೈತಿ."

"ಹಾಗಾದರೆ ಬಲಗಡೆಯೇ," ಎಂದಳು ಶೀಲಾವತಿ.

ಅಷ್ಟರಲ್ಲಿ ಅವಳ ಗಂಡ ಧನರಾಜ ಮೂರು ಕಾಫಿ ಹಿಡಿದು ಬಂದ. "ಹಿಂದಿನಿಂದ ನಾನು ಟೆಂಪೋ ತರ್ತೇನೆ. ಗ್ಯಾಸು, ಎರಡು ಕಾವಲಿ, ದೋಸೆ ಹಿಟ್ಟು. ನೀವು ತುಳಿಯುವುದು, ನಾನು ಬಿಸಿಬಿಸಿ ಹೊಯ್ದು ಕೊಡುವುದು."

"ಆ ಥಂಡ್ಯಾಗ ಹಿಟ್ಟು ಹುಳಿ ಬರೂದಿಲ್ಲಣ್ಣಾ," ಎಂದು ಶಬನಮ ನಕ್ಕಳು.

"ಟೆಂಪೋ ಬೇಡ ಅಂತ ಎಷ್ಟು ಸಲ ಹೇಳುವುದು ಮಾರಾಯ್ರೆ?" ಎಂದಳು ಶೀಲಾವತಿ.

"ಬೇಡ ಅಂದ್ರೆ ಬೇಡ," ಎಂದು ಅವನು ಕಾಫಿ ಇಟ್ಟು ತಿರುಗಿದ. ಎರಡು ಹೆಜ್ಜೆ ನಡೆದವನು ನಿಂತು ಕೇಳಿದ, "ಇಡ್ಲಿಯಾದರೂ?"

ಶೀಲಾವತಿ ಸೈಕಲ್ಲು ಕಲಿತದ್ದು ಲಾಕ್‌ಡೌನಿನಲ್ಲಿ. ಹೋಟೆಲು ಮುಚ್ಚಿತ್ತು, ಪಾರ್ಸೆಲ್ ಒಯ್ಯುವ ಸೈಕಲ್ಲು ಗೋಡೆಗೊರಗಿ ತುಕ್ಕು ಹಿಡಿಯುತ್ತಿತ್ತು. ನಲವತ್ತೇಳು ವರ್ಷದ ಹೆಂಗಸು ಅದನ್ನು ಫೈವ್ ಗಾರ್ಡನ್ಸಿನ ಖಾಲಿ ರಸ್ತೆಗೆ ತಳ್ಳಿಕೊಂಡು ಹೋಗಿ, ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೊಂದು ದಿನ ಬೀಳದೆ ಮನೆಗೆ ಬಂದಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಹೋದರೂ ಧನರಾಜ ಕಟ್ಟಿಕೊಟ್ಟ ಡಬ್ಬಿಯೊಂದು ಜೊತೆಗೆ ಇದ್ದೇ ಇರುತ್ತಿತ್ತು. ಒಳ್ಳೆಯವನು, ಆದರೆ ಅವನ ಒಳ್ಳೆಯತನಕ್ಕೆ ಬಿಡುವೆಂಬುದಿರಲಿಲ್ಲ. ಸೈಕಲ್ಲಿನ ಮೇಲೆ ಮಾತ್ರ ಅವಳಿಗೆ ಯಾರೂ ಏನನ್ನೂ ಬಡಿಸುತ್ತಿರಲಿಲ್ಲ.

ವಿಜಯಪುರ ಮೂಲದ ಶಬನಮ ಕುರ್ಲಾದ ಶಾಲೆಯೊಂದರಲ್ಲಿ ಗಣಿತದ ಟೀಚರು. ಹೈವೇಯ ಫ್ಲೈಓವರಿನ ಬುಡದಲ್ಲಿ ಪಂಕ್ಚರಾಗಿ ನಿಂತಿದ್ದ ಶೀಲಾವತಿಗೆ ಟ್ಯೂಬು ಕೊಟ್ಟವಳು ಅವಳು. ಅಂದಿನಿಂದ ಪ್ರತಿ ರವಿವಾರ ಇಬ್ಬರೂ ಒಟ್ಟಿಗೆ.

ಸೆಪ್ಟೆಂಬರಿನಲ್ಲಿ ಹಿಮಾಚಲಕ್ಕೆ ಹೊರಡುವ ಮೊದಲು ಕಾಲಿನ ಬಲ ನೋಡಬೇಕಿತ್ತು. ಮೇ ತಿಂಗಳ ಒಂದು ರವಿವಾರ ಇಬ್ಬರೂ ಲೋಕಲ್ ರೈಲಿನ ಸಾಮಾನಿನ ಬೋಗಿಯಲ್ಲಿ ಸೈಕಲ್ಲು ಹೇರಿಕೊಂಡು ಕಸಾರಾ ತನಕ ಹೋದರು. ಅಲ್ಲಿಂದ ಇಗತಪುರಿಗೆ ಘಾಟಿಯ ಏರು. ಮೊದಲ ತಿರುವಿನಲ್ಲೇ ಹೋಟೆಲಿನ ಟೆಂಪೋ ನಿಂತಿತ್ತು. ಪಕ್ಕದಲ್ಲಿ ಧನರಾಜ, ಕೈಯಲ್ಲಿ ಪುನರ್ಪುಳಿ ಶರಬತ್ತು.

"ಒಂದು ಗುಟುಕು ಕುಡಿ ಮಾರಾಯ್ತಿ!"

ಶಬನಮ ನಿಂತು ಖುಷಿಯಿಂದ ಕುಡಿದಳು. ಶೀಲಾವತಿ ನಿಲ್ಲಲಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಟೆಂಪೋ. ಈ ಸಲ ಹಾಟ್‌ಬಾಕ್ಸು. ಅದರಾಚೆಯ ತಿರುವಿನಲ್ಲಿ, ಏರು ಅತಿ ಕಡಿದಾಗಿದ್ದ ಕಡೆ, ಏದುಸಿರು ಬಿಡುತ್ತ ಅವಳು ಒಂದೊಂದೇ ಪೆಡಲು ಎಣಿಸುತ್ತಿದ್ದಾಗ ಹಿಂದಿನಿಂದ ಹಾರ್ನು ಬಾರಿಸಿ ಅವನು ಕಿಟಕಿಯಿಂದ ಕೂಗಿದ, "ಸಾಕಾದ್ರೆ ಹೇಳು, ಸೈಕಲ್ಲು ಮೇಲೆ ಹಾಕುವ!"

ಶೀಲಾವತಿ ಇಳಿದುಬಿಟ್ಟಳು. "ನೀವು ಹೋಗಿ. ಒಂದು ಸಲ, ಒಂದೇ ಒಂದು ಸಲ, ನನ್ನಷ್ಟಕ್ಕೆ ನನ್ನನ್ನು ಬಿಡಿ."

ಧನರಾಜ ಕಿಟಕಿಯಿಂದ ತಲೆ ಒಳಗೆಳೆದುಕೊಂಡ. ಟೆಂಪೋ ಮುಂದೆ ಹೋಗಿ, ಎಲ್ಲೋ ತಿರುಗಿಸಿಕೊಂಡು, ಆಚೆಯ ಇಳಿರಸ್ತೆಯಲ್ಲಿ ಕೆಳಗಿಳಿಯುವುದು ಕಾಣಿಸಿತು. ಅವಳು ಮತ್ತೆ ಹತ್ತಿದಳು. ಘಾಟಿ ಮುಗಿದು ತಂಗಾಳಿ ಮುಖಕ್ಕೆ ಬಡಿದಾಗ ಶಬನಮ ಎರಡೂ ಕೈ ಬಿಟ್ಟು "ಯಾ ಅಲ್ಲಾ!" ಎಂದು ಕೂಗಿದಳು. ಶೀಲಾವತಿಯೂ ಕೂಗಿದಳು. ಅವಳಿಗೆ ಅಷ್ಟು ದೊಡ್ಡ ದನಿಯಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಮುಂದಿನ ರವಿವಾರ ಬೆಳಗ್ಗೆ ಹೊರಡುವಾಗ ಮೇಜಿನ ಮೇಲೆ ಡಬ್ಬಿ ಇರಲಿಲ್ಲ. ಬೇಕಿಲ್ಲವೆಂದು ಅವಳೇ ಹೇಳುತ್ತ ಬಂದದ್ದು. ಆದರೂ ಖಾಲಿ ಮೇಜು ನೋಡಿ ಸಂಕಟವಾಯಿತು. ಶಬನಮಳಿಗೆ ಫೋನು ಮಾಡಿ "ಇವತ್ತು ನಾನಿಲ್ಲ" ಎಂದು, ಸೀದಾ ಹೋಟೆಲಿನ ಅಡುಗೆಮನೆಗೆ ನಡೆದಳು. ಧನರಾಜ ತೆಂಗಿನಕಾಯಿ ತುರಿಯುತ್ತಿದ್ದ.

"ಸಿಟ್ಟಾ?"

"ಸಿಟ್ಟು ಎಂಥದ್ದು."

"ನನಗೆ ಏನಾದರೂ ಆಗ್ತದೆ ಅಂತ ಹೆದರಿಕೆಯಾ? ಶಬನಮ ಇದ್ದಾಳಲ್ಲ."

ಧನರಾಜ ತುರಿ ಒಂದು ಕಡೆ ಗುಡ್ಡೆ ಮಾಡಿದ. "ನಿನಗೆ ಏನೂ ಆಗುವುದಿಲ್ಲ. ನನಗಿಂತ ಗಟ್ಟಿ ನೀನು. ಹೆದರಿಕೆ ಅಲ್ಲ." ಕೈ ಒರೆಸಿಕೊಂಡು ಹೇಳಿದ, "ಹುಡುಗನಾಗಿದ್ದಾಗ ಈ ಹೋಟೆಲಿಗೆ ಬಂದವನು. ಹೋದರೆ ಊರಿಗೆ, ಬಂದರೆ ಇಲ್ಲಿಗೆ. ನಾನು ಹಿಮ ನೋಡಿದ್ದು ಜ್ಯೂಸ್ ಕೌಂಟರಿನಲ್ಲಿ ಮಾತ್ರ. ನೀನು ನಕಾಶೆ ಬಿಡಿಸಿದಾಗ ನನಗೂ ಆಸೆಯಾಯಿತು. ಸೈಕಲ್ಲು ತುಳಿಯಲಿಕ್ಕೆ ಬರುವುದಿಲ್ಲ, ನಾನೂ ಬರ್ತೇನೆ ಅಂತ ಹೇಗೆ ಹೇಳುವುದು? ಊಟ ಕೊಡ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ ಅಂತ..."

ಶೀಲಾವತಿ ಅವನನ್ನೇ ನೋಡಿದಳು. ಇಷ್ಟು ವರ್ಷ ಅವನ ಕೈ ನೋಡಿದ್ದಳು, ಕೈಯಲ್ಲಿದ್ದ ತಟ್ಟೆ ನೋಡಿದ್ದಳು. ಆಮೇಲೆ ಒಳಗಿನಿಂದ ನಕಾಶೆ ತಂದು, ತೆಂಗಿನ ತುರಿ ಸರಿಸಿ, ಹರಡಿದಳು.

"ಇದು ಸುತ್ತು ಅಲ್ವಾ? ನಾವು ಈ ಕಡೆಯಿಂದ ಏರ್ತೇವೆ. ನೀವು ಆ ಕಡೆಯಿಂದ ಬನ್ನಿ. ಮನಾಲಿಯಿಂದ ಬಸ್ಸುಂಟು. ಕುಂಜಮ್‌ನ ಮೇಲೆ ಸಿಗುವ. ಟೆಂಪೋ ಬೇಡ, ಕಾವಲಿ ಬೇಡ. ಸುಮ್ಮನೆ ನೋಡಲಿಕ್ಕೆ ಬನ್ನಿ."

"ಒಬ್ಬನೇ?"

"ಒಬ್ಬರೇ."

"ಹೋಟೆಲು?"

ಒಲೆಯ ಮುಂದಿದ್ದ ಹಳೆಯ ಅಡುಗೆಯವನಾದ ಅಂಗಾರ ತಿರುಗಿಯೂ ನೋಡದೆ ಹೇಳಿದ, "ಹೋಗಿ ಧಣಿ. ನೀವಿಲ್ಲದಿದ್ರೆ ಸಾಂಬಾರು ಇನ್ನೂ ಲಾಯ್ಕ ಆಗ್ತದೆ."

ಅಂದು ಮಧ್ಯಾಹ್ನ ಶಬನಮ ಬಂದು ನಕಾಶೆಯ ಎಡಗಡೆಗೂ ಗೆರೆ ಎಳೆದಳು. "ಆದ್ರ ಅಣ್ಣಾ, ನೀವು ಎಡಗಡಿಂದ ಬರೋರು. ಮನ್ಯಾಗಿನಂಗ ಓಡ್ಯಾಡಬ್ಯಾಡ್ರಿ. ಮೊದಲ ಡಾಕ್ಟರಿಗೆ ತೋರಸ್ರಿ. ಆಮ್ಯಾಲ ಮನಾಲ್ಯಾಗ ಮೂರು ದಿನ ಸುಮ್ಮನ ಕುಂದರಬೇಕು. ಏನೂ ಕೆಲಸ ಮಾಡಂಗಿಲ್ಲ."

"ಮೂರು ದಿನ ಸುಮ್ಮನೆ ಕೂರುವುದಾ? ಅದು ನನ್ನಿಂದಾಗುತ್ತದಾ?" ಧನರಾಜನ ಮುಖದಲ್ಲಿ ನಿಜವಾದ ಗಾಬರಿಯಿತ್ತು.

"ಅದೇ ನಿಮ್ಮ ಘಾಟಿ," ಎಂದಳು ಶೀಲಾವತಿ.

ಮರುವಾರ ಅವಳು ಸವಾರಿ ಮುಗಿಸಿ ಮರಳಿದಾಗ ಬಿಸಿಲು ನೆತ್ತಿಗೇರಿತ್ತು. ಹೋಟೆಲಿನ ಎದುರು ಒಂದು ಕಾಲು ಫುಟ್‌ಪಾತಿಗೆ ಊರಿ, ಸೈಕಲ್ಲಿನಿಂದ ಇಳಿಯದೆ ಗಾಜಿನಾಚೆ ನೋಡಿದಳು. ಗಲ್ಲಾದಲ್ಲಿ ಧನರಾಜ ದಪ್ಪ ಉಣ್ಣೆಯ ಟೊಪ್ಪಿ ಕಿವಿ ಮುಚ್ಚುವಂತೆ ಎಳೆದುಕೊಂಡು ಕುಳಿತಿದ್ದ. ಕಪ್ಪು, ಮೇಲೊಂದು ಕೆಂಪು ಗೊಂಡೆ. ಎದುರಿನ ಗಿರಾಕಿ ಚಿಲ್ಲರೆ ತೆಗೆದುಕೊಳ್ಳುವುದು ಮರೆತು ಅವನನ್ನೇ ನೋಡುತ್ತಿದ್ದ. ಬೆವರು ಹುಬ್ಬಿನಿಂದ ಕೆನ್ನೆಗೆ ಇಳಿಯುತ್ತಿತ್ತು. ಗಿರಾಕಿ ಹೋದ ಮೇಲೆ ಧನರಾಜ ಮಿಠಾಯಿ ಕಪಾಟಿನ ಗಾಜಿನತ್ತ ಬಾಗಿ, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ, ಗೊಂಡೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ನೆಟ್ಟಗೆ ಮಾಡಿದ.