ತೊಂಬತ್ತನಾಲ್ಕನೆಯ ತಲೆ

ವರ್ಲಾ ಕುಬಿಚೆಕ್ ಅಂಕಣ ಬರೆಯಲು ಕೂತಳೆಂದರೆ ದೇಶದ ಅಧ್ಯಕ್ಷರಾಗಲು ಹೊರಟವರ ಬಂಡವಾಳವೆಲ್ಲ ಬಯಲಾಗುತ್ತಿತ್ತು. ಅಯೊವಾದ ಪ್ರೇರಿ ಬೆಂಡ್ ಎಂಬ ಆ ಊರಿನ ವಾರಪತ್ರಿಕೆಗೆ ಇಪ್ಪತ್ತೆಂಟು ವರ್ಷಗಳಿಂದ ಅವಳದೇ ರಾಜಕೀಯ. ಪಕ್ಷದ ಹುರಿಯಾಳು ಯಾರಾಗಬೇಕೆಂದು ದೇಶಕ್ಕಿಂತ ಮೊದಲು ತಾವು ಹೇಳುತ್ತೇವೆಂದು ಬೀಗುವ ಜನ ಆ ಊರಿನವರು. ನಾಲ್ಕು ವರ್ಷಕ್ಕೊಮ್ಮೆ ಸೆನೆಟರುಗಳು ಬಂದು ಹಂದಿ ಸಾಕುವವರ ಕೈ ಕುಲುಕಿ ಹೋಗುವರು. ವರ್ಲಾ ಒಬ್ಬೊಬ್ಬರನ್ನೂ ತೂಗಿ ನೋಡಿ ಬರೆಯುವಳು. ಸಂಪಾದಕ ಡ್ವೈಟ್ ಹಾಕಿದ್ದ ಷರತ್ತು ಒಂದೇ: ಬರೆಯುವವಳು ಯಾರ ಪಕ್ಕದಲ್ಲೂ ನಿಲ್ಲಬಾರದು. ನಿಂತ ದಿನ ಅಂಕಣ ಮುಗಿಯಿತು. ವರ್ಲಾಳಿಗೂ ಅದೇ ಬೇಕಾಗಿತ್ತು. ಪಕ್ಕದಲ್ಲಿ ನಿಲ್ಲದವಳಿಗೆ ಎಲ್ಲರನ್ನೂ ಆಡಿಕೊಳ್ಳುವ ಸುಖವಿರುತ್ತದೆ.

ಈ ಸಲ ಅವಳ ಬಾಯಿಗೆ ಸಿಕ್ಕವನು ಗವರ್ನರ್ ಹ್ಯಾಸ್ಕೆಲ್. "ಬಿತ್ತನೆ ಚೀಲದ ಮೇಲಿನ ಚೀಟಿ ಓದಿದಂತೆ ಭಾಷಣ ಮಾಡುತ್ತಾನೆ. ನಮ್ಮೂರಲ್ಲಿ ನೂರಕ್ಕೆ ಹದಿನೈದು ಜನವೂ ಅವನ ಕಡೆ ನಿಲ್ಲುವುದಿಲ್ಲ. ನಿಂತವರು ಬೇರೆ ಕೆಲಸವಿಲ್ಲದವರು," ಎಂದು ಬರೆದಳು. ಊರೆಲ್ಲ ನಕ್ಕಿತು. ನಗದವಳು ಒಬ್ಬಳೇ, ತಂಗಿ ಮಿಲ್ಲಿ. ಊರಲ್ಲಿ ಹ್ಯಾಸ್ಕೆಲ್‌ಗೆ ಜನ ಕೂಡಿಸುತ್ತಿದ್ದವಳು ಅವಳೇ.

"ಬೇರೆ ಕೆಲಸ ಇಲ್ದೋರು ಅಂತ ಯಾಕೆ ಸುತ್ತಿ ಬಳಸಿ ಬರೆದೆ? ನನ್ ಹೆಸರೇ ಹಾಕ್ಬಿಡೋದಿತ್ತು," ಎಂದು ಫೋನಿನಲ್ಲಿ ಕೇಳಿದಳು.

"ತಮಾಷೆ ಕಣೇ ಅದು."

"ನಿಂಗೆ ತಮಾಷೆ," ಎಂದು ಫೋನ್ ಇಟ್ಟವಳು ಮೂರು ವಾರ ಮಾತಾಡಲಿಲ್ಲ. ಭಾನುವಾರ ವರ್ಲಾ ಚರ್ಚ್ ಮುಗಿಸಿ ತಂಗಿಯ ಮನೆಗೆ ಹೋಗಿ, ಇಬ್ಬರೂ ಕೂಡಿ ಉಣ್ಣುತ್ತಿದ್ದ ಊಟವೂ ನಿಂತುಹೋಯಿತು.

ಮಿಲ್ಲಿಯ ಗಂಡ ಸ್ಟ್ಯಾನ್ ತೀರಿಹೋಗಿ ಎರಡು ವರ್ಷ. ಅಂದಿನಿಂದ ಅವಳು ಮನೆಯ ಪರದೆ ಸಹ ಸರಿಸಿರಲಿಲ್ಲ. ಈ ಚಳಿಗಾಲ ಮಾತ್ರ ಕೈಯಲ್ಲಿ ಹ್ಯಾಸ್ಕೆಲ್ ಕರಪತ್ರ ಹಿಡಿದು, ಮೂಗಿನ ತನಕ ಮಫ್ಲರ್ ಸುತ್ತಿ, ಹಿಮದಲ್ಲಿ ಮನೆಮನೆ ತಿರುಗತೊಡಗಿದ್ದಳು. ಇದು ವರ್ಲಾಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಒಳ್ಳೆಯ ಸಾಲೊಂದು ಹೊಳೆಯಿತು, ಬರೆದುಬಿಟ್ಟಳು. ಬರೆಯುವವರ ಹಾಳು ಚಾಳಿ.

ಪಕ್ಷದ ಹುರಿಯಾಳನ್ನು ಆರಿಸಲು ಊರವರು ಸೇರುವ ಸಭೆಯ ಸಂಜೆ ಶಾಲೆಯ ಬಾಸ್ಕೆಟ್‌ಬಾಲ್ ಹಾಲಿನ ಬಾಗಿಲಲ್ಲಿ ಬೂಟುಗಳ ರಾಶಿ ಬಿದ್ದಿತ್ತು. ನೆಲದ ಮೆರುಗು ಹಾಳಾಗುತ್ತದೆಂದು ಎಲ್ಲರೂ ಬರೀ ಕಾಲುಚೀಲದಲ್ಲಿ ಒಳಗೆ ಹೋಗಬೇಕು. ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಕೂತಿದ್ದ ಓಪಲ್ ತನ್ನ ಮಂಡಿ ಆಪರೇಷನ್ನಿನ ಕಥೆ ಹೇಳುತ್ತಲೇ ಪೆನ್ನು ಚಾಚಿದಳು. ವರ್ಲಾ "ಅಯ್ಯೋ ಪಾಪ" ಅನ್ನುತ್ತಲೇ, ಚರ್ಚಿನ ಊಟದ ಪಟ್ಟಿಗೆ ಹಾಕುವಂತೆ ಸಹಿ ಹಾಕಿದಳು. ಸಹಿ ಹಾಕಿದವರನ್ನೆಲ್ಲ ಮತದಾರರೆಂದು ಎಣಿಸುವುದರಿಂದ ಪತ್ರಿಕೆಯವರು ಸಹಿ ಹಾಕುವ ಪದ್ಧತಿಯೇ ಇಲ್ಲ. ಮಂಡಿಯ ಮಾತಿನಲ್ಲಿ ಇಬ್ಬರಿಗೂ ಅದು ಮರೆತಿತ್ತು.

ಏಳು ಗಂಟೆಗೆ ಬಾಗಿಲು ಮುಚ್ಚಿತು. ಸಭೆ ನಡೆಸುವ ಗ್ಲೆನ್, ನಿವೃತ್ತ ಲೆಕ್ಕದ ಮೇಷ್ಟ್ರು, ಪುಸ್ತಕ ನೋಡಿ ಕೂಗಿದ: "ಒಟ್ಟು ತೊಂಬತ್ನಾಲ್ಕು ಜನ. ನೂರಕ್ಕೆ ಹದಿನೈದರಂತೆ ಹದಿನಾಲ್ಕು ಚಿಲ್ಲರೆ ಆಗತ್ತೆ. ಚಿಲ್ಲರೆ ಬಂದ್ರೆ ಮೇಲಕ್ಕೆ ಹೋಗ್ಬೇಕು. ಹದಿನೈದು ಜನ ಇಲ್ದಿರೋ ಗುಂಪು ಒಡೆದು ಬೇರೆಯವರ ಜೊತೆ ಸೇರ್ಕೋಬೇಕು."

ಇಲ್ಲಿ ಮತಚೀಟಿ ಇಲ್ಲ, ಮೆಚ್ಚಿದ ಹುರಿಯಾಳಿನ ಮೂಲೆಯಲ್ಲಿ ನಿಲ್ಲುವುದೇ ಮತ. ಜನ ತಮ್ಮ ತಮ್ಮ ಮೂಲೆಗೆ ಹೋಗಿ ನಿಂತರು. ಇಬ್ಬರು ಸೆನೆಟರುಗಳ ಮೂಲೆಗಳು ತುಂಬಿ ತುಳುಕಿದವು, ಒಂದರಲ್ಲಿ ನಲವತ್ತೈದು, ಇನ್ನೊಂದರಲ್ಲಿ ಮೂವತ್ನಾಲ್ಕು. ಕಿಟಕಿಯ ಹತ್ತಿರ, ಒಣ ಪ್ಲಮ್ ತುಂಬಿದ ಕೊಲಾಚೆ ಬನ್ನುಗಳ ತಟ್ಟೆಗಳನ್ನು ಇಟ್ಟುಕೊಂಡು ಮಿಲ್ಲಿ ತನ್ನವರನ್ನು ಎಣಿಸಿದಳು. ಹದಿನಾಲ್ಕು. ಮತ್ತೆ ಎಣಿಸಿದಳು. ಹದಿನಾಲ್ಕೇ.

ಆಟ ನೋಡುವವರು ಕೂರುವ ಮೆಟ್ಟಿಲಿನ ಮೇಲೆ ಕೂತಿದ್ದ ವರ್ಲಾ ತನ್ನ ಪುಸ್ತಕದಲ್ಲಿ "ಹೇಳಿದ್ದೆನಲ್ಲ" ಎಂದು ಬರೆದುಕೊಂಡಳು. ಅವಳಿಗೆ ಖುಷಿಯಾಯಿತು. ಆಗಲಿಲ್ಲ ಎಂದರೆ ಸುಳ್ಳಾದೀತು.

ಗ್ಲೆನ್ ತಲೆ ಕೆರೆದುಕೊಂಡ. "ನಲವತ್ತೈದು, ಮೂವತ್ನಾಲ್ಕು, ಹದಿನಾಲ್ಕು. ತೊಂಬತ್ಮೂರೇ ಆಯ್ತಲ್ರೀ. ಯಾರ್ರೀ ಅದು ಎಲ್ಲೂ ನಿಂತಿಲ್ದೇ ಇರೋರು? ಶೌಚಾಲಯದಲ್ಲಿದ್ದಾರಾ?"

ಓಪಲ್ ಪುಸ್ತಕದ ಮೇಲೆ ಬೆರಳಾಡಿಸಿದಳು. "ಅಯ್ಯಯ್ಯೋ, ವರ್ಲಾ! ನೀನು ಸಹಿ ಹಾಕಿದೀಯಲ್ಲೇ!"

ತೊಂಬತ್ತಮೂರು ತಲೆಗಳು ಮೆಟ್ಟಿಲ ಕಡೆ ತಿರುಗಿದವು.

"ನನ್ನ ಹೆಸರು ಹೊಡೆದುಹಾಕು ಗ್ಲೆನ್," ಎಂದಳು ವರ್ಲಾ.

"ಏಳು ಗಂಟೆ ಆದ್ಮೇಲೆ ಆಗಲ್ಲ. ಲೆಕ್ಕ ಜಿಲ್ಲೆಗೆ ಹೋಯ್ತು. ನೀನು ಇಲ್ದಿದ್ರೆ ತೊಂಬತ್ಮೂರಕ್ಕೆ ಹದಿನಾಲ್ಕೇ ಸಾಕಿತ್ತು. ನೀನು ಬಂದು ಸುಮ್ನೆ ಕೂತಿದ್ದಕ್ಕೇ ಹದಿನೈದು ಬೇಕಾಯ್ತು."

ಇಪ್ಪತ್ತೆಂಟು ವರ್ಷ ತಾನು ಯಾರ ಪಕ್ಕವೂ ಅಲ್ಲವೆಂದು ಎದೆಯುಬ್ಬಿಸಿ ಬದುಕಿದ ಹೆಂಗಸು, ಸುಮ್ಮನೆ ಕೂತೇ ತಂಗಿಯನ್ನು ಸೋಲಿಸಿದ್ದಳು. ಕಿಟಕಿಯ ಹತ್ತಿರ ಮಿಲ್ಲಿ ಇತ್ತ ತಿರುಗಿಯೂ ನೋಡದೆ ಕರಪತ್ರಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಾಳೆಯಿಂದ ಆ ಮನೆಯ ಪರದೆ ಮತ್ತೆ ಮುಚ್ಚುತ್ತದೆ, ಈ ಸಲ ಮುಚ್ಚಿಸಿದವಳು ತಾನು ಎಂದು ವರ್ಲಾಳಿಗೆ ಹೊಳೆಯಿತು.

ಅವಳು ಎದ್ದಳು.

"ವರ್ಲಾ, ಅಲ್ಲಿ ಹೋಗಿ ನಿಂತ್ರೆ ಗುರುವಾರ ನಿನ್ನ ಅಂಕಣ ಇರಲ್ಲ ನೋಡು," ಎಂದ ಕೆಳಗೆ ಫೋಟೊ ತೆಗೆಯುತ್ತಿದ್ದ ಡ್ವೈಟ್.

"ಆ ಜಾಗಕ್ಕೆ ಟ್ರ್ಯಾಕ್ಟರ್ ಜಾಹೀರಾತು ಹಾಕ್ಕೋ," ಎಂದು ವರ್ಲಾ ಮೆಟ್ಟಿಲು ಇಳಿದಳು.

ಹಾಲಿನ ನಡುವೆ ಹಾದು ಬಂದ ಅಕ್ಕನನ್ನು ಮಿಲ್ಲಿ ಈಗ ನೋಡಿದಳು. "ಕನಿಕರ ತೋರ್ಸೋಕೆ ಬಂದ್ಯಾ? ಬೇಡ, ವಾಪಸ್ ಹೋಗು. ಬೇರೆ ಕೆಲಸ ಇಲ್ದೋರ ಜಾಗ ಇದು."

"ಹದಿನೈದನೆಯವಳು ಬೇಕಲ್ವೇನೇ ನಿಂಗೆ?"

"ಬೇಕು. ಆದ್ರೆ ಈ ಮೂಲೆಗೆ ಬಂದೋರೆಲ್ಲ ಯಾಕೆ ಬಂದ್ವಿ ಅಂತ ಎಲ್ಲರ ಮುಂದೆ ಹೇಳಿದಾರೆ. ನೀನೂ ಹೇಳು. ಗವರ್ನರ್ ಬಗ್ಗೆ ಒಂದಾದ್ರೂ ಒಳ್ಳೆ ಮಾತು."

ಹಾಲಿಗೆ ಹಾಲೇ ಕಿವಿ ನಿಮಿರಿಸಿತು. ವರ್ಲಾ ಗಂಟಲು ಸರಿಮಾಡಿಕೊಂಡಳು. ತೆರಿಗೆ, ಗೋಧಿ, ಆಸ್ಪತ್ರೆ, ಯಾವುದರ ಬಗ್ಗೆ ಆ ಮನುಷ್ಯ ಏನು ಹೇಳಿದ್ದನೋ ಒಂದೂ ನೆನಪಾಗಲಿಲ್ಲ.

"ನನ್ನ ತಂಗಿ ಎರಡು ವರ್ಷ ಮನೆ ಬಿಟ್ಟು ಹೊರಗೆ ಬರ್ಲಿಲ್ಲ," ಎಂದಳು ಕೊನೆಗೆ. "ಪಾದ್ರಿ ಕರೆದ್ರು, ಡಾಕ್ಟರು ಕರೆದ್ರು, ನಾನು ದಿನಾ ಕರೆದೆ. ಬರ್ಲಿಲ್ಲ. ಈ ಹ್ಯಾಸ್ಕೆಲ್ ಕರೆದ, ಹಿಮದಲ್ಲಿ ಎದ್ದು ಬಂದ್ಲು. ಅಂಥೋನು ವಾಷಿಂಗ್ಟನ್‌ಗೆ ಹೋಗ್ಲಿ ಬಿಡಿ. ನನಗೆ ಅಷ್ಟು ಸಾಕು."

ಯಾರೂ ನಗಲಿಲ್ಲ. ಮಿಲ್ಲಿ ಅಕ್ಕನ ಮಣಿಕಟ್ಟನ್ನು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

"ಇನ್ನೊಂದು ಸಲ ಎಣಿಸು ಗ್ಲೆನ್," ಎಂದು ಕೂಗಿದಳು.

ಗ್ಲೆನ್ ಬಂದು ಬೆರಳು ಮಾಡಿ ಎಣಿಸಿದ. ಹದಿನೈದಕ್ಕೆ ಬಂದು ನಿಂತ. ಹಾಲೆಲ್ಲ ಚಪ್ಪಾಳೆ ತಟ್ಟಿತು, ಎದುರು ಮೂಲೆಗಳವರೂ ತಟ್ಟಿದರು. ಆಮೇಲೆ ಕಾಫಿ ಬಂತು, ಎಲ್ಲರೂ ಕೊಲಾಚೆಗೆ ಕೈ ಹಾಕಿದರು. ವರ್ಲಾಳಿಗೂ ಹಸಿವಾಗಿತ್ತು. ಆದರೆ ಅವಳು ಎಡಗೈಯಲ್ಲೇ ತಿನ್ನಬೇಕಾಯಿತು, ಬಲಗೈಯನ್ನು ಮಿಲ್ಲಿ ಇನ್ನೂ ಬಿಟ್ಟಿರಲಿಲ್ಲ.