ಮೊದಲ ಚೊಂಬು ನೀರು

“ಕ್ಯಾನ್ಸಲ್ ಆಗೋಯ್ತಂತೆ ಕಣಮ್ಮಿ! ಪ್ಲೇನೇ ಇಲ್ವಂತೆ!”

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡೇ ನಾಗರಾಜು ಕೂಗಿದ. ಕೆಳಗೆ ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದ ಅವನ ಹೆಂಡತಿ ಭಾನುಪ್ರಿಯ ತಲೆಯೆತ್ತಿ ಕೇಳಿಸಿಕೊಂಡಳು. ಆಮೇಲೆ ಹಂಡೆಯ ಅಡಿಯಲ್ಲಿ ಉರಿಯುತ್ತಿದ್ದ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದು ಮಣ್ಣಿಗೆ ಒತ್ತಿ ಆರಿಸಿಬಿಟ್ಟಳು. ನೀರು ಕಾಯದೆ ಹೆಣಕ್ಕೆ ಸ್ನಾನವಿಲ್ಲ, ಸ್ನಾನವಿಲ್ಲದೆ ಹೆಣ ಹೊರಡುವುದಿಲ್ಲ. ಅಷ್ಟಂತೂ ಅವಳ ಕೈಯಲ್ಲಿತ್ತು.

ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಸರಸಮ್ಮನಿಗೆ ಇದಾವುದರ ಚಿಂತೆಯೂ ಇರಲಿಲ್ಲ. ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿತ್ತು, ಕೊರಳಲ್ಲಿ ಸೇವಂತಿಗೆ ಹಾರವಿತ್ತು. ಹಿಂದಿನ ದಿನ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಕಣ್ಣು ಮುಚ್ಚಿದ್ದರು. ಇಂಥ ಸಾವಿಗೆ ಪುಣ್ಯ ಮಾಡಿರಬೇಕು ಎಂದು ಮರಳವಾಡಿಯ ಹೆಂಗಸರೆಲ್ಲ ಬೆಳಗಿನಿಂದ ಹೊಟ್ಟೆಕಿಚ್ಚು ಪಡುತ್ತಿದ್ದರು.

“ಏನವ್ವ ಭಾನು, ಒಲೆ ಯಾಕಾರಿಸ್ದೆ?” ಎಂದರು ಬೋರಲಿಂಗಯ್ಯ. ಸರಸಮ್ಮನ ದೊಡ್ಡಪ್ಪನ ಮಗ, ಬೀದಿಗೇ ಹಿರಿಯ. “ಹೆಣ ಇರೋಗಂಟ ಬೀದೀಲಿ ಯಾರೂ ಒಲೆ ಹಚ್ಚಂಗಿಲ್ಲ. ಮಕ್ಳು ಮರಿ ಹಸ್ಕಂಡವೆ. ಯಾರಾರ ಒಬ್ರು ನೀರು ಉಯ್ದು ಮುಗಿಸ್ರವ್ವ.”

“ಯಾರಾರ ಅಲ್ಲ ದೊಡ್ಮಾವ. ಮೊದ್ಲು ಚೊಂಬು ಸಾಹೇಬ್ರ ಮೊಮ್ಮಗಳು ಜಾರಾನೇ ಉಯ್ಯಬೇಕು. ಅತ್ತೆ ಬದುಕಲ್ಲಿ ಕೇಳಿದ್ದು ಅದೊಂದೇ. ನಾನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿವ್ನಿ.”

“ಆ ಹುಡುಗಿ ಇರೋದು ಕಲ್ಕತ್ತಾದಾಗೆ ಕಣವ್ವ! ಪ್ಲೇನೇ ಇಲ್ಲ ಅಂತಾವ್ನೆ ನಿನ್ ಗಂಡ.”

“ಒಂದ್ ಕಂಪನಿ ಪ್ಲೇನು ಇಲ್ಲ. ಇನ್ನೊಂದ್ ಕಂಪನೀದು ನೋಡ್ತಾವ್ರೆ.”

“ಹೊತ್ತು ಮುಳುಗೋದ್ರೊಳಗೆ ಮಣ್ಣು ಆಗ್ಬೇಕು. ಅದ್ಕೆ ಯಾವ ಕಂಪನೀನೂ ಕಾಯಾಕಿಲ್ಲ, ತಿಳ್ಕ,” ಎಂದು ಬೋರಲಿಂಗಯ್ಯ ಟವೆಲ್ ಕೊಡವಿ ಎದ್ದರು.

*

ಸರಸಮ್ಮನಿಗೆ ಮಕ್ಕಳಿರಲಿಲ್ಲ. ಗಂಡನೂ ಬಹಳ ದಿನ ಇರಲಿಲ್ಲ. ತವರಿಗೆ ಬಂದು, ಅಣ್ಣನ, ಅಂದರೆ ನಾಗರಾಜುವಿನ ಅಪ್ಪನ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತ, ಊರಿನ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ಎರೆಯುತ್ತ ಇದ್ದುಬಿಟ್ಟರು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿ, ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಆಕೆ ಎರೆಯಲು ಕೂತರೆ ಎಂಥ ಹಟಮಾರಿ ಕೂಸೂ ತೆಪ್ಪಗಾಗುತ್ತಿತ್ತು. ಆದರೆ ಎರೆಯುವುದಕ್ಕೆ ಬೇಕಾದ ಸರಸಮ್ಮ ತೊಟ್ಟಿಲ ಶಾಸ್ತ್ರಕ್ಕೆ ಬೇಡ. ಬೋರಲಿಂಗಯ್ಯನ ಮೊಮ್ಮಗನ ನಾಮಕರಣದ ದಿನವೂ ಹಾಗೇ ಆಯಿತು. ಬೆಳಿಗ್ಗೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ ಕೂಸನ್ನು ಕೊಟ್ಟದ್ದು ಆಕೆಯೇ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬೋರಲಿಂಗಯ್ಯ ಬಂದು, “ಒಸಿ ಹಿತ್ತಲ ಕಡೆ ಇರು ಸರಸಿ” ಎಂದಿದ್ದರು. ಕೆಟ್ಟ ದನಿಯಲ್ಲೇನೂ ಅಲ್ಲ. ಊರಿನ ಪದ್ಧತಿಗೆ ಕೆಟ್ಟ ದನಿಯ ಅಗತ್ಯವೇ ಇರುವುದಿಲ್ಲ.

ಹೀಗಿರುವಾಗ, ಇಪ್ಪತ್ತು ವರ್ಷದ ಹಿಂದೆ, ರಾಮನಗರದ ಸನಾವುಲ್ಲಾ ಸಾಹೇಬರು ಸ್ಕೂಟರಿನಲ್ಲಿ ಮರಳವಾಡಿಗೆ ಬಂದರು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯವರು, ಮಾರುಕಟ್ಟೆಯಲ್ಲಿ ಇವರ ರೇಷ್ಮೆಗೂಡು ಕೊಳ್ಳುತ್ತಿದ್ದವರು. ಮಗಳು ಸಫೂರಾಳನ್ನು ಕಲ್ಕತ್ತಾದ ನೂಲಿನ ವ್ಯಾಪಾರಿಗೆ ಕೊಟ್ಟಿದ್ದರು. ಹೆರಿಗೆಗೆ ದಿನ ಹತ್ತಿರವಾಗಿತ್ತು. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ.

“ಅವಳ ತಾಯಿ ಇದ್ದಿದ್ರೆ ನಿಮ್ಮ ಹತ್ರ ಬರ್ತಿರ್ಲಿಲ್ಲ ಸರಸಮ್ಮ,” ಎಂದರು ಸಾಹೇಬರು. “ನೀವು ಹೋಗಿ ಬಾಣಂತನ ಮಾಡ್ಬೇಕು. ಪ್ಲೇನಲ್ಲಿ ಕಳಿಸ್ತೀನಿ.”

ಕಟ್ಟೆಯ ಮೇಲೆ ಕೂತಿದ್ದ ಬೋರಲಿಂಗಯ್ಯ ಬಿದ್ದು ಬಿದ್ದು ನಕ್ಕರು. “ಪ್ಲೇನ್ ಅಂದ್ರೆ ಮಂತ್ರಿಗಳು, ಸಾವ್ಕಾರ್ರು ಅತ್ತೋದು ಕಣಮ್ಮಿ. ನೀನು ಹರಳೆಣ್ಣೆ ಬಾಟ್ಲಿ ಹಿಡ್ಕಂಡು ಅತ್ತೀಯಾ?”

“ಅದು ಹಳೇ ಕಾಲ ಬೋರಲಿಂಗಯ್ಯ,” ಎಂದರು ಸಾಹೇಬರು. “ಆಗ ಸರ್ಕಾರದ ಪ್ಲೇನು ಬಿಟ್ರೆ ಬೇರೆ ಇರ್ಲಿಲ್ಲ, ಅವರು ಹೇಳಿದ್ದೇ ರೇಟು. ಈಗ ಪ್ರೈವೇಟಿನವರೂ ಬಿಡಬಹುದು ಅಂತ ಆಗಿದೆ. ಒಬ್ಬರ ಮೇಲೊಬ್ಬರು ಬಿದ್ದು ರೇಟು ಇಳಿಸ್ತಾವ್ರೆ. ಮುಂಚೆ ಟಿಕೆಟ್ ತಗೊಂಡ್ರೆ ರೈಲಿಗಿಂತ ಒಸಿ ಜಾಸ್ತಿ, ಅಷ್ಟೇ.”

ಸರಸಮ್ಮನಿಗೆ ಥಟ್ಟನೆ ಅರ್ಥವಾಯಿತು. ಅವರೂರಿಗೂ ಮೊದಲು ಒಂದೇ ಬಸ್ಸು. ತಪ್ಪಿದರೆ ಹಾರೋಹಳ್ಳಿಯವರೆಗೆ ನಡಿಗೆಯೇ ಗತಿ. ಆಮೇಲೆ ಖಾಸಗಿ ವ್ಯಾನುಗಳು ಬಂದವು ನೋಡಿ, ಕ್ಲೀನರುಗಳು ರಟ್ಟೆ ಹಿಡಿದು ಎಳೆದು ಹತ್ತಿಸಿಕೊಳ್ಳತೊಡಗಿದರು.

“ಓ, ಆಕಾಶಕ್ಕೂ ವ್ಯಾನು ಬಿಟ್ಟವ್ರೆ ಅನ್ನಿ,” ಎಂದರು ಸರಸಮ್ಮ. “ಸರಿ, ಬತ್ತೀನಿ.”

ಆ ವ್ಯಾನಿನಲ್ಲಿ ಕುಡಿಯುವ ನೀರಿಗೂ ದುಡ್ಡು ಕೇಳಿದರು. ಸರಸಮ್ಮ ಬುತ್ತಿ ಬಿಚ್ಚಿ, ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧವನ್ನು ಪಕ್ಕದ ಟೈ ಕಟ್ಟಿದ ಗಂಡಸಿಗೆ ಕೊಟ್ಟರು. ಆತ ಮೊದಲು ಬೇಡವೆಂದ, ಆಮೇಲೆ ಬೆರಳು ನೆಕ್ಕಿದ.

ಕಲ್ಕತ್ತಾದಲ್ಲಿ ಸಫೂರಾ ಹೆಣ್ಣು ಹೆತ್ತಳು. ಕೂಸಿಗೆ ಜಾರಾ ಎಂದು ಹೆಸರಿಟ್ಟ ದಿನ ಮನೆ ತುಂಬ ನೆಂಟರು. ಸರಸಮ್ಮ ಕೂಸನ್ನು ಎರೆದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗಿಟ್ಟು, ಯಾರೂ ಹೇಳದೆಯೇ ಹಿತ್ತಲ ಕಡೆ ಹೊರಟರು. ಸಫೂರಾ ಸೆರಗು ಹಿಡಿದು ನಿಲ್ಲಿಸಿದಳು.

“ಎಲ್ಲಿಗಕ್ಕ? ತೊಟ್ಟಿಲಿಗೆ ನೀವೇ ಹಾಕಿ. ಮೊದಲು ನೀರು ಹಾಕಿದ ಕೈ ನಿಮ್ದು.”

“ನಾನು ಗಂಡ ಸತ್ತೋಳು ಕಣವ್ವ. ಮಕ್ಳಿಲ್ದೋಳು.”

“ಅದಕ್ಕೂ ತೊಟ್ಟಿಲಿಗೂ ಏನು ಸಂಬಂಧ?”

ಸಫೂರಾ ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಸರಸಮ್ಮ ಕೂಸನ್ನು ಎತ್ತಿಕೊಂಡು ತೊಟ್ಟಿಲಿಗೆ ಹಾಕಿದರು. ಕೈಯನ್ನು ಬಹಳ ಹೊತ್ತು ತೊಟ್ಟಿಲಿನಿಂದ ತೆಗೆಯಲೇ ಇಲ್ಲ.

*

ಮಧ್ಯಾಹ್ನಕ್ಕೆ ಮುಂಚೆ ನಾಗರಾಜು ತಾರಸಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದ.

“ಸಿಕ್ತು ಕಣಮ್ಮಿ! ಬ್ಯಾರೆ ಕಂಪನೀದು. ತಾಯಿ ಮಗಳು ಇಬ್ರೂ ಪ್ಲೇನ್ ಅತ್ತಾವ್ರೆ. ಆದ್ರೆ ರೇಟು ಕೇಳಿದ್ರೆ ಎದೆ ಒಡ್ದೋಯ್ತದೆ.”

“ನಿನ್ನೆ ಒಂದು ರೇಟು, ಇವತ್ತು ಒಂದಾ?” ಎಂದರು ಬೋರಲಿಂಗಯ್ಯ.

“ಗಂಟೆಗೊಂದು ದೊಡ್ಡಪ್ಪ. ಗೂಡಿನ ಹರಾಜು ಇದ್ದಂಗೆ. ಸೀಟು ಕಮ್ಮಿ ಆದಂಗೆಲ್ಲ ಏರ್ತಾ ಓಯ್ತದೆ. ಸಾವು ಅಂದ್ರೂ ಬುಡಾಕಿಲ್ಲ.”

ಅಷ್ಟರಲ್ಲಿ ಸನಾವುಲ್ಲಾ ಸಾಹೇಬರು ರಾಮನಗರದಿಂದ ಬಂದಿದ್ದರು. ವಯಸ್ಸಾಗಿ ಬೆನ್ನು ಬಾಗಿತ್ತು. ಜಗುಲಿಯ ಮೂಲೆಯಲ್ಲಿ ಸರಸಮ್ಮನ ಬಟ್ಟೆಯ ಕೈಚೀಲ ನೋಡಿ ಅದರ ಪಕ್ಕದಲ್ಲೇ ಕೂತರು. ಚೀಲದ ಹಿಡಿಯ ತುಂಬ ವಿಮಾನದ ಚೀಟಿಗಳು, ಕೆಂಪು, ನೀಲಿ, ಹಳದಿ. ಕಲ್ಕತ್ತಾದಿಂದ ಹಬ್ಬಿದ ಸುದ್ದಿ ಪುಣೆ, ದಿಲ್ಲಿ, ಗುವಾಹಟಿಗಳ ಕನ್ನಡದ ಮನೆಗಳಿಗೂ ಮುಟ್ಟಿ, ಸರಸಮ್ಮ ಕರೆದಲ್ಲಿಗೆಲ್ಲ ಹಾರಿದ್ದರು. ಒಂದು ಚೀಟಿಯನ್ನೂ ಕೀಳಲು ಬಿಟ್ಟಿರಲಿಲ್ಲ.

“ಇದ್ರಲ್ಲಿ ಅರ್ಧ ಕಂಪನಿ ಈಗಿಲ್ಲ,” ಎಂದರು ಸಾಹೇಬರು, ಚೀಟಿಗಳನ್ನು ಸವರುತ್ತ. “ರೇಟು ಇಳಿಸಿ ಇಳಿಸಿ ಮುಳುಗಿದ್ವು. ಪಾಪ, ಎಷ್ಟು ಜನರ ಸಂಬಳ ಹೋಯ್ತೋ.”

“ಅತ್ತೆ ಯೋಳ್ತಿತ್ತು,” ಎಂದು ನಾಗರಾಜು ಬೆಳಗಿನಿಂದ ಮೊದಲ ಬಾರಿಗೆ ನಕ್ಕ. “ಅಷ್ಟು ಕಂಪನಿಗೆ ಎಳ್ಳುನೀರು ಬುಟ್ಟಿವ್ನಿ ಕಣ್ಲಾ ನಾಗ, ನಾನಿನ್ನೂ ಗಟ್ಟಿಯಾಗಿವ್ನಿ, ಅಂತ.”

ಸಾವಿನ ಮನೆಯಲ್ಲಿ ನಗು ಬಂದರೆ ತಡೆಯುವುದು ಕಷ್ಟ. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು.

“ಅಲ್ಲ ಸಾಹೇಬ್ರೆ,” ಎಂದರು ಬೋರಲಿಂಗಯ್ಯ, “ಊರ್ ತುಂಬ ಅವ್ಳು ಎರೆದ ಮಕ್ಳವೆ. ನಿಮ್ ಮೊಮ್ಮಗಳೇ ಬೇಕು ಅಂತ ಯಾಕಂತೆ?”

“ತೊಟ್ಟಿಲಿಗೆ ಅವರೇ ಹಾಕಿದ್ರಲ್ಲ, ಅದಕ್ಕಿರಬೇಕು,” ಎಂದರು ಸಾಹೇಬರು. “ಅದೇನು ದೊಡ್ಡ ವಿಷಯ ಅಂತ ನಮಗೆ ಗೊತ್ತಿರ್ಲಿಲ್ಲ. ಪ್ರತಿ ಸಲ ಜಾರಾಗೆ ಫೋನ್ ಮಾಡಿದಾಗ್ಲೂ ಅದನ್ನೇ ನೆನೆಸ್ಕೊಳ್ಳೋರು.”

ಬೋರಲಿಂಗಯ್ಯ ತಂಗಿಯ ಮುಖವನ್ನು ನೋಡಲಾರದೆ ಎದ್ದು, ಗುಂಡಿ ತೋಡುತ್ತಿದ್ದ ತೋಟದ ಕಡೆ ನಡೆದರು.

*

ಎಣ್ಣೆಯ ಕತೆಯನ್ನು ಊರೆಲ್ಲ ಬಲ್ಲದು. ಒಮ್ಮೆ ಪುಣೆಗೆ ಹೊರಟಾಗ ತಪಾಸಣೆಯ ಹುಡುಗಿ ಕೈಚೀಲದಲ್ಲಿದ್ದ ಹರಳೆಣ್ಣೆ ಬಾಟಲಿಯನ್ನು ಎತ್ತಿ, ಇದನ್ನು ಒಳಗೆ ಬಿಡುವುದಿಲ್ಲ, ಬುಟ್ಟಿಗೆ ಹಾಕಿ ಎಂದಳು. ಕೂಸಿನ ಎಣ್ಣೆ ಚೆಲ್ಲುವುದುಂಟೇ? ಅಂದೇ ಸರಸಮ್ಮ ಹತ್ತಬೇಕಿದ್ದ ಕಂಪನಿಯೂ ಬಾಗಿಲು ಹಾಕಿತ್ತು. ಸುದ್ದಿ ತಿಳಿದು ಜನ ಕೌಂಟರು ಬಡಿದು ಕೂಗಾಡುತ್ತಿದ್ದರು. ಆ ಗದ್ದಲಕ್ಕೆ ಒಂದು ಕೂಸು ಹೆದರಿ ಕಿರಿಚುತ್ತಿತ್ತು, ತಾಯಿಯೂ ಅಳುತ್ತಿದ್ದಳು. ಸರಸಮ್ಮ ಬಾಟಲಿ ಸಮೇತ ಹಿಂದಕ್ಕೆ ಬಂದು, ಆ ನುಣುಪು ನೆಲದ ಮೇಲೆ ಕಾಲು ಚಾಚಿ ಕೂತು, “ಕೊಡವ್ವ ಇಲ್ಲಿ” ಎಂದರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆಯನ್ನೆಲ್ಲ ತಿಕ್ಕಿದರು. ಕೂಸು ನಿದ್ದೆ ಹೋಯಿತು. ಕೂಗಾಡುತ್ತಿದ್ದವರೂ ದನಿ ತಗ್ಗಿಸಿದರು.

ಹೊರಗೆ ಬಂದ ಅತ್ತೆಯನ್ನು ನೋಡಿ, ಬಿಡಲು ಬಂದಿದ್ದ ನಾಗರಾಜು ಪೆಚ್ಚಾಗಿ, “ದುಡ್ಡೂ ಓಯ್ತು, ಪ್ಲೇನೂ ಓಯ್ತು. ಮನೆಗೋಗವಾ ಅತ್ತೆ?” ಎಂದ.

“ಅಲ್ಲಿ ಬಾಣಂತಿ ಕಾಯ್ತಾವ್ಳೆ ಕಣ್ಲಾ. ಒಂದ್ ವ್ಯಾನು ಕೆಟ್ರೆ ರೂಟೇ ನಿಂತೋಯ್ತದಾ? ಇನ್ನೊಬ್ಬನ ಕೇಳೋಗು.”

ಸಂಜೆಯೊಳಗೆ ಆಕೆ ಪುಣೆಯಲ್ಲಿದ್ದರು.

*

ಈಗ ಸಂಜೆ ಇಳಿಯುತ್ತಿತ್ತು. ವಿಮಾನ ಇಳಿದು ಬಹಳ ಹೊತ್ತಾಗಿತ್ತು. ಆಕಾಶದಲ್ಲಿ ಹಾರಿ ಬಂದವರನ್ನು ಬೆಂಗಳೂರಿನ ರಸ್ತೆ ಹಿಡಿದಿಟ್ಟುಕೊಂಡಿತ್ತು. ಭಾನುಪ್ರಿಯ ಮತ್ತೆ ಒಲೆ ಹಚ್ಚಿ, ಉರಿ ಸಣ್ಣಗಿಟ್ಟು ಬೀದಿಯ ತುದಿಯನ್ನೇ ನೋಡುತ್ತಿದ್ದಳು. ಕೊಟ್ಟ ಮಾತು ತಪ್ಪಿದರೆ ಈ ಮುಖಕ್ಕೆ ಹೇಗೆ ಮಣ್ಣು ಹಾಕಲಿ ಎಂದು ಅವಳಿಗೆ ಅಳುವೇ ಬರುತ್ತಿತ್ತು.

ತೋಟದಲ್ಲಿ ಗುಂಡಿ ತೋಡುವವರು ಬೇರೆಯೇ ಸಂಕಟದಲ್ಲಿದ್ದರು. ಕೆಲಸ ಮುಗಿದು ಗುದ್ದಲಿ ಒರಸಿಟ್ಟರೂ ಬೋರಲಿಂಗಯ್ಯ ಬಿಡಲೊಲ್ಲರು.

“ಈ ಮೂಲೆ ಸೊಟ್ಟ ಐತೆ ಕಣ್ರಲಾ. ನೆಟ್ಟಗೆ ಮಾಡ್ರಿ.”

“ಸರಿಯಾಗೇ ಐತಲ್ಲ ಬೋರಣ್ಣ.”

“ಆಳ ಸಾಲ್ದು. ಇನ್ನೊಸಿ ತೆಗೀರಿ.”

“ಏನಣ್ಣ, ಬಾವಿ ತೋಡ್ಸೀಯಾ?”

“ನನ್ ತಂಗಿ ಕಣ್ಲಾ ಅವ್ಳು! ತೋಡು ಅಂದ್ರೆ ತೋಡು,” ಎಂದು ಗದರಿಸಿ, ಬೆಟ್ಟದ ನೆತ್ತಿಗೆ ಇಳಿಯುತ್ತಿದ್ದ ಸೂರ್ಯನನ್ನೂ ಒಮ್ಮೆ ಗದರಿಸುವಂತೆ ನೋಡಿದರು.

ಗುಂಪಿನಲ್ಲಿ ಯಾರೋ, “ಸಾಬರ ಹುಡುಗಿ ಕೈಲಿ ನೀರು ಉಯ್ಸೋದಾ…” ಎಂದು ರಾಗ ಎಳೆದರು.

“ಯಾವನ್ಲಾ ಅದು?” ಬೋರಲಿಂಗಯ್ಯ ಗಕ್ಕನೆ ತಿರುಗಿದರು. “ನನ್ ಮೊಮ್ಮಗನ್ನ ಎರೆದ ಕೈನೇ ಆ ಕೂಸ್ನೂ ಎರೆದದ್ದು. ಅವ್ರು ತೊಟ್ಟಿಲಿಗೆ ಕರುದ್ರು, ನಾವು ಹಿತ್ಲಿಗೆ ಕಳುಸ್ದೊ. ಇವತ್ತು ಬಾಯಿ ಬುಟ್ರೆ ಸುಮ್ಕಿರಾಕಿಲ್ಲ ನಾನು.”

ಬೆಟ್ಟದ ಮೇಲೆ ಸೂರ್ಯ ಒಂದು ಮಾರು ಉಳಿದಿದ್ದಾಗ ಬೀದಿಯ ತುದಿಯಲ್ಲಿ ಟ್ಯಾಕ್ಸಿಯ ಹಾರ್ನು ಕೇಳಿಸಿತು. ಎಲ್ಲರೂ ಎದ್ದುನಿಂತರು. ಬಾಗಿಲು ತೆಗೆದು ಇಳಿದವಳು ಉದ್ದ ಜಡೆಯ ತೆಳ್ಳನೆಯ ಹುಡುಗಿ, ಹಿಂದೆಯೇ ಅವಳ ತಾಯಿ ಸಫೂರಾ. ಹುಡುಗಿಯ ಬ್ಯಾಗಿನಲ್ಲಿ ವಿಮಾನದ ಚೀಟಿ ಇನ್ನೂ ತೂಗುತ್ತಿತ್ತು.

“ಬಂದ್ಬುಟ್ಲು! ಬಂದ್ಬುಟ್ಲು ಕಣತ್ತೆ!” ಎಂದು ಭಾನುಪ್ರಿಯ ಜಗುಲಿಯ ಕಡೆ ತಿರುಗಿ ಕೂಗಿದಳು. ಬೀದಿಗೆ ಬೀದಿಯೇ ಗೆದ್ದಂತೆ ಹೋ ಎಂದಿತು. ಬೋರಲಿಂಗಯ್ಯ ಎರಡೂ ಕೈ ಬೀಸಿ, “ದಾರಿ ಬುಡ್ರಿ, ದಾರಿ ಬುಡ್ರಿ, ಮಗಳು ಬತ್ತಾವ್ಳೆ!” ಎಂದು ತಾವೇ ಮುಂದೆ ನಡೆದರು.

ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಸರಸಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಭಾನುಪ್ರಿಯ ಹಂಡೆಯಿಂದ ಚೊಂಬು ತುಂಬಿ ಜಾರಾಳ ಕೈಗೆ ಕೊಟ್ಟಳು. ಜಾರಾ ತಕ್ಷಣ ಉಯ್ಯಲಿಲ್ಲ. ತೋಳು ಮಡಚಿ ಮೊಣಕೈಯನ್ನು ನೀರಿಗೆ ಅದ್ದಿ ನೋಡಿದಳು.

“ಬಿಸಿ ಐತೆ,” ಎಂದಳು, ಥೇಟು ಮರಳವಾಡಿಯ ಕನ್ನಡದಲ್ಲಿ. “ಒಸಿ ತಣ್ಣೀರು ಬುಡಿ.”

ಭಾನುಪ್ರಿಯ ತಣ್ಣೀರು ಬೆರೆಸಿದಳು. ಜಾರಾ ಮತ್ತೊಮ್ಮೆ ಅದ್ದಿ ನೋಡಿ, ಸರಿ ಎಂದು ತಲೆಯಾಡಿಸಿದಳು. ಆಮೇಲೆ ಎಡಗೈಯನ್ನು ಅಜ್ಜಿಯ ಹಣೆಗೆ ಅಡ್ಡಲಾಗಿ, ಕಣ್ಣಿಗೆ ನೀರು ಹೋಗದಂತೆ ಹಿಡಿದು, ಬಲಗೈಯಿಂದ ಚೊಂಬನ್ನು ಮೆಲ್ಲಗೆ ಬಾಗಿಸಿದಳು.